ಅಪ್ಪ ಹೇಳದ ಸಾಲು

ಸೆಪ್ಟೆಂಬರ್ ೧೦, ೧೯೫೬. ಸೋಮವಾರ

ಅಕ್ಷರ ಸೊಟ್ಟ. ತಪ್ಪುಗಳೂ ಬಹಳ ಇರುತ್ತವೆ. ಇಲ್ಲಿ ಪಲ್ಲಡಂನ ಸ್ಕೂಲಿನಲ್ಲಿ ಕಲಿತದ್ದು ತಮಿಳು, ಅದೂ ಐದನೇ ಕ್ಲಾಸಿನ ತನಕ. ಕನ್ನಡ ಅಕ್ಷರ ಆಮೇಲೆ ಅಪ್ಪ ಹೇಳಿಕೊಟ್ಟದ್ದು. ಯಾರೂ ಓದದ ನೋಟ್‌ಬುಕ್ಕಿನಲ್ಲಿ ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೇನೋ... ಕೇಳಿಯಾಯಿತು, ಇರಲಿ.

ಮಧ್ಯಾಹ್ನ ಪೋಸ್ಟ್‌ಮ್ಯಾನ್ ಪೆರಿಯಸಾಮಿ ಬೀದಿಯ ತುದಿಯಿಂದಲೇ ಬೆಲ್ ಹೊಡೆದ. ಅಪ್ಪ ನೂಲಿನ ಸಿಕ್ಕು ಬಿಡಿಸುತ್ತಾ ಕುಳಿತಿದ್ದ. ಕಣ್ಣು ಮಸುಕಾಗಿ ನಾಲ್ಕು ವರ್ಷ. ಈಗ ನೇಯುವವಳು ನಾನು. ಸಿಕ್ಕು ಬೆರಳಿಗೇ ತಿಳಿಯುತ್ತದೆ, ಅದಕ್ಕೆ ಕಣ್ಣು ಯಾಕೆ ಎನ್ನುತ್ತಾನೆ.

“ಯಾರದು? ಏಳೋ, ಇಪ್ಪತ್ತೋ?”

“ಏಳು.”

ಅಪ್ಪನ ಮುಖ ನೋಡಬೇಕಿತ್ತು. ನಾನು ಹದಿನಾರು ಗಜ ನೇಯ್ದು ಇಳಿಸಿದ ದಿನವೂ ಆ ಮುಖ ಕಂಡಿಲ್ಲ.

ಚಿಕ್ಕಂದಿನಲ್ಲಿ ಅಪ್ಪ ಐದು ವರ್ಷ ಕೊಳ್ಳೇಗಾಲದ ಹಾಸ್ಟೆಲಿನಲ್ಲಿದ್ದ. ತಟ್ಟೆ, ಚೊಂಬು, ಚಾಪೆ ಎಲ್ಲಕ್ಕೂ ನಂಬರು. ಹುಡುಗರು ಹೆಸರು ಬಿಟ್ಟು ನಂಬರಿನಲ್ಲೇ ಕರೆದುಕೊಳ್ಳುತ್ತಿದ್ದರಂತೆ. ಅಪ್ಪ ಹನ್ನೆರಡು. ಏಳು ಎಂದರೆ ಪೀಳಮೇಡಿನ ವಕೀಲರು ಅನಂತಪದ್ಮನಾಭ. ಇಪ್ಪತ್ತು ವೆಳ್ಳಕೋಯಿಲಿನ ಹತ್ತಿ ವ್ಯಾಪಾರಿ ರಾಮಸಾಮಿ. ಎಲ್ಲರಿಗೂ ಐವತ್ತೈದು ದಾಟಿದೆ. ಇನ್ನೂ ಅದೇ ನಂಬರು.

ನವೆಂಬರ್ ಒಂದಕ್ಕೆ ಕೊಳ್ಳೇಗಾಲ ಮೈಸೂರಿಗೆ ಸೇರುತ್ತದಂತೆ. ನಮ್ಮ ಕೋಯಮತ್ತೂರು ಜಿಲ್ಲೆಯಲ್ಲಿ ಇರುವುದಿಲ್ಲ. ಅದಕ್ಕೆ ಮುಂಚೆ ಹಾಸ್ಟೆಲಿನವರೆಲ್ಲ ಒಮ್ಮೆ ಸೇರಬೇಕು, ವಿಜಯದಶಮಿಯ ದಿನ, ತಮ್ಮ ಮನೆಯಲ್ಲಿ — ಹೀಗೆ ವಕೀಲರು ಬರೆದಿದ್ದಾರೆ. ಕೊನೆಯಲ್ಲಿ: “ನಿನ್ನ ಮಗಳು ಏನು ಓದಿದಳು? ನನ್ನ ಭಾಮಾ ಬಿ.ಎ. ಓದುತ್ತಿದ್ದಾಳೆ.”

ಮೂರು ಸಲ ಓದಿಸಿದ. ಮೂರನೇ ಸಲ ಭಾಮಾಳ ಸಾಲು ಬಿಟ್ಟು ಓದಿದೆ.

ಸೆಪ್ಟೆಂಬರ್ ೧೧

ಉತ್ತರ ಬರೆಸಿದ. ನಾನು ಮಗ್ಗ ನಿಲ್ಲಿಸಿ ಹಲಗೆ ತೊಡೆಯ ಮೇಲಿಟ್ಟುಕೊಂಡೆ. ಕಾಗದ ಹೇಳುವಾಗ ಅಪ್ಪ ಬೇರೆಯೇ ಮನುಷ್ಯ. ಕಳ್ಳತನದಲ್ಲಿ ಹುಣಿಸೆಕಾಯಿ ಕಿತ್ತದ್ದು, ವಾರ್ಡನ್ನಿನ ಚಪ್ಪಲಿ ಬಾವಿಗೆ ಬಿದ್ದದ್ದು... ಒಂದನ್ನೂ ನಮಗೆ ಹೇಳಿಲ್ಲ. ನನಗೆ ಕನ್ನಡ ಕಲಿಸಿದ್ದೇ ಈ ಕಾಗದಗಳಿಗಾಗಿ ಎಂದು ಎಷ್ಟೋ ಸಲ ಅನ್ನಿಸಿದೆ.

ಆಮೇಲೆ ಅಂದ:

“ಬರಿ. ನನ್ನ ಮಗಳು ಐದನೇ ಕ್ಲಾಸು. ಓದಿನಲ್ಲಿ ಅವಳಿಗೆ ಮನಸ್ಸಿರಲಿಲ್ಲ.”

ಪೆನ್ನು ನಿಂತಿತು.

“ಬರೆದೆಯಾ ಕಣ್ಣು?” ಮುದ್ದಿಗೆ ನನ್ನನ್ನು ಹಾಗೇ ಕರೆಯುವುದು.

“ಬರೀತಾ ಇದೀನಿ.”

ಹತ್ತು ವರ್ಷದ ಹಿಂದೆ, ಐದನೇ ಕ್ಲಾಸು ಮುಗಿದಾಗ, ಮುತ್ತಮ್ಮಾಳ್ ಟೀಚರ್ ಎರಡು ಸಲ ಮನೆಗೆ ಬಂದಿದ್ದರು. ಕೋಯಮತ್ತೂರಿನಲ್ಲಿ ಹುಡುಗಿಯರ ಹಾಸ್ಟೆಲ್ ಇದೆ, ಫೀಸಿಲ್ಲದೆ ಸೀಟು ಕೊಡಿಸುತ್ತೇನೆ, ಇವಳು ಕ್ಲಾಸಿಗೇ ಮೊದಲು ಎಂದರು. ನಾನು ಗೋಡೆಯ ಹಿಂದೆ ನಿಂತು ಕೇಳುತ್ತಿದ್ದೆ. ಅಪ್ಪ ಒಂದೇ ಮಾತು ಹೇಳಿದ — ಬೇಡ. ಯಾಕೆ ಎಂದು ಅವರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಹಾಸ್ಟೆಲಿನ ಮಾತೆತ್ತಿದರೆ ಇವತ್ತಿಗೂ ಕಣ್ಣು ತುಂಬಿಕೊಳ್ಳುವ ಮನುಷ್ಯ!

ನಾನು ಬರೆದದ್ದು ಇದು: “ನನ್ನ ಮಗಳು ಕ್ಲಾಸಿಗೇ ಮೊದಲಿದ್ದಳು. ನಾನೇ ಬಿಡಿಸಿದೆ.”

“ಓದು,” ಅಂದ. ಅವನು ಹೇಳಿದಂತೆಯೇ ಓದಿದೆ. ಸಂಜೆಯ ಪೋಸ್ಟಿಗೆ ಹಾಕಿದೆ.

ವಕೀಲರು ಅಪ್ಪನಿಗೆ ಬೈದು ಬರೆಯಲಿ.

ಸೆಪ್ಟೆಂಬರ್ ೨೧

ಬಂತು. ಬೈದಿಲ್ಲ.

“ಹನ್ನೆರಡು, ನಿನ್ನ ಕಾಗದ ಓದಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ನಮ್ಮಲ್ಲಿ ಯಾರೂ ತಮ್ಮ ತಪ್ಪನ್ನು ಇಷ್ಟು ನೇರವಾಗಿ ಹೇಳಿದವರಲ್ಲ. ನೀನು ಅವತ್ತೂ ಹಾಗೇ ಇದ್ದೆ. ಮಗಳನ್ನು ಕರೆದುಕೊಂಡು ಬಾ.”

ಕೊನೆಯ ಸಾಲು ಮಾತ್ರ ಓದಿ ಹೇಳಿದೆ.

“ಇಷ್ಟೇನಾ? ಏಳು ಇಷ್ಟು ಚಿಕ್ಕ ಕಾಗದ ಬರೆಯೋನೇ ಅಲ್ಲ.”

“ಕೋರ್ಟಿನ ಕೆಲಸ ಇರಬಹುದು.”

ನನ್ನ ಸಾಲಿಗೆ ಅಪ್ಪನಿಗೆ ಹೊಗಳಿಕೆ. ಇಡೀ ದಿನ ಲಾಳಿ ಎಸೆಯುವಾಗೆಲ್ಲ ಅದೇ ಯೋಚನೆ. ಎರಡು ಕಡೆ ಎಳೆ ಕಡಿಯಿತು.

ಸೆಪ್ಟೆಂಬರ್ ೩೦

ಅಪ್ಪ ಪಂಚೆ ಒಗೆಸಿ ಮಡಚಿಟ್ಟಿದ್ದಾನೆ. ಕ್ಷೌರದವನಿಗೆ ಈಗಲೇ ಹೇಳಿಯಾಗಿದೆ. ಅವ್ವ ನಗುತ್ತಾಳೆ: “ನಮ್ಮ ಮದುವೆಗೂ ಇಷ್ಟು ಸಿಂಗಾರ ಇರಲಿಲ್ಲಮ್ಮಾ. ಏನೋ ಹೆಣ್ಣು ನೋಡೋಕೆ ಹೋಗ್ತಿರೋ ಹಾಗೆ!”

“ನಿನಗೇನೇ ಗೊತ್ತು ಅದೆಲ್ಲ,” ಅಂದ ಅಪ್ಪ.

ನಿಜ. ಅವ್ವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿರುವವರು ಬೇರೆ.

ಅಕ್ಟೋಬರ್ ೧೨

ನಾಡಿದ್ದು ಹೊರಡಬೇಕು. ವಕೀಲರು ಎಲ್ಲರ ಮುಂದೆ ಆ ಸಾಲಿನ ಮಾತೆತ್ತಿದರೆ? ನನಗೆ ಜ್ವರ ಅಂದೆ. ಹೊದ್ದು ಮಲಗಿದೆ. ಅಪ್ಪ ಹಣೆ ಮುಟ್ಟಿ ನೋಡಿ ಎದ್ದು ಹೋದ. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಸದ್ದು. ಎದ್ದು ನೋಡಿದರೆ ಅಂಗಳದಲ್ಲಿ ಒಬ್ಬನೇ ಗೋಡೆ ಹಿಡಿದು ನಡೆಯುತ್ತಿದ್ದಾನೆ. ಈ ತುದಿಯಿಂದ ಆ ತುದಿಗೆ, ಅಲ್ಲಿಂದ ಈ ತುದಿಗೆ.

“ಏನಪ್ಪಾ ಇದು?”

“ನಿನಗೆ ಜ್ವರ ಅಲ್ವಾ. ಬಸ್‌ಸ್ಟ್ಯಾಂಡಿನ ತನಕ ಒಬ್ಬನೇ ನಡೆಯೋಕೆ ಆಗುತ್ತೋ ಅಂತ ನೋಡ್ತಿದ್ದೆ.”

ಜ್ವರ ಬಿಟ್ಟಿತು ಅಂದೆ.

ಅಕ್ಟೋಬರ್ ೧೫. ಸೋಮವಾರ, ಬೆಳಿಗ್ಗೆ

ಎಲ್ಲವನ್ನೂ ಬರೆದುಬಿಡಬೇಕು.

ನಿನ್ನೆ ಪಲ್ಲಡಂನಿಂದ ಬಸ್ಸು, ಸಿಂಗಾನಲ್ಲೂರಿನಲ್ಲಿ ಇಳಿದು ಕುದುರೆ ಗಾಡಿ. ವಕೀಲರ ಮನೆ ದೊಡ್ಡದು, ನೆಲಕ್ಕೆ ಕೆಂಪು ಹೊಳಪು. ಹನ್ನೊಂದು ಜನರನ್ನು ಕರೆದಿದ್ದರು, ಬಂದದ್ದು ಆರು. ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಒಳಗಿನಿಂದ ಕೂಗು:

“ಅಡೇ ಹನ್ನೆರಡು! ಇನ್ನೂ ಬದುಕಿದೀಯಾ?”

“ನಿನ್ನ ತಿಥಿ ಊಟ ಮಾಡದೆ ಹೋಗಲ್ಲ ಕಣೋ ಇಪ್ಪತ್ತು!”

ದನಿ ಕೇಳಿದ ಕೂಡಲೇ ಗುರುತು. ಕಣ್ಣು ಬೇಕಾಗಲಿಲ್ಲ. ನನ್ನ ಭುಜದ ಮೇಲಿದ್ದ ಕೈ ತೆಗೆದುಬಿಟ್ಟ. ಇಬ್ಬರೂ ಒಬ್ಬರ ಹೊಟ್ಟೆ ಒಬ್ಬರು ತಟ್ಟಿ ನೋಡಿಕೊಂಡರು. ನಾನು ಚೀಲ ಹಿಡಿದು ಬಾಗಿಲಲ್ಲೇ ನಿಂತೆ. ವಕೀಲರ ಹೆಂಡತಿ ಕಮಲಾಕ್ಷಮ್ಮ ಬಂದು “ಒಳಗೆ ಬಾಮ್ಮಾ, ನೀರು ಕುಡಿ” ಎಂದು ಕೈ ಹಿಡಿದು ಕರೆದುಕೊಂಡು ಹೋದರು.

ಊಟಕ್ಕೆ ಎಲೆ ಹಾಕಿದಾಗ ರಾಮಸಾಮಿಯವರು ವಕೀಲರಿಗೆ ಅಂದರು, “ಏಳು, ಅವಾಗ ನಿಮ್ಮ ಅಯ್ಯರ ಪಂಕ್ತಿ ಆ ಕಡೆ, ನಮ್ಮದು ಈ ಕಡೆ. ಇವತ್ತು ಈ ಕಡೆ ಕೂತ್ಕೋ, ನೋಡೋಣ.”

“ಅವಾಗಲೂ ಬರ್ತಿದ್ದೆನಲ್ಲೋ, ಊಟ ಆದ ಮೇಲೆ.”

“ಬರ್ತಿದ್ದೆ, ನನ್ನ ಉಪ್ಪಿನಕಾಯಿ ಕದಿಯೋಕೆ!”

ವಕೀಲರು ಅಪ್ಪನ ಪಕ್ಕ ಕೂತರು. ಎಲೆಯಲ್ಲಿ ಯಾವುದು ಎಲ್ಲಿದೆ ಎಂದು ಅಪ್ಪನಿಗೆ ಹೇಳುವವಳು ನಾನು. ನಿನ್ನೆ ವಕೀಲರು ಹೇಳಿದರು. ಅಪ್ಪ ನನ್ನನ್ನು ಕೇಳಲೇ ಇಲ್ಲ.

ಊಟದ ಮೇಲೆ ಭಾಮಾ ಬಂದು ಅಪ್ಪನ ಕಾಲ ಹತ್ತಿರ ಕೂತಳು. ಎರಡು ಜಡೆ, ಕೈಗಡಿಯಾರ. “ಮಾಮಾ, ಬಾವಿಗೆ ಬಿದ್ದ ಚಪ್ಪಲಿ ಕಥೆ ಹೇಳಿ.” ಹೇಳಿದ. ವಾರ್ಡನ್ನಿನ ಹಾಗೆ ಕೆಮ್ಮಿ, ಕುಂಟಿ ತೋರಿಸಿದ. ನನ್ನ ಅಪ್ಪ! ಅವಳು ಬಿದ್ದು ಬಿದ್ದು ನಕ್ಕಳು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ.

ಆಗ ವಕೀಲರು ಅಂದರು, “ನಗು ಇರಲಿ. ಇವನು ನನಗೊಂದು ಕಾಗದ ಬರೆದ, ಕೇಳಿ. ಮಗಳು ಕ್ಲಾಸಿಗೇ ಮೊದಲಿದ್ದಳು, ನಾನೇ ಬಿಡಿಸಿದೆ ಅಂತ. ಹೀಗೆ ಬರೆಯೋಕೆ ನಮ್ಮಲ್ಲಿ ಯಾರಿಗೆ ಧೈರ್ಯ ಇದೆ?”

ಅಪ್ಪನ ಕೈ ತೊಡೆಯ ಮೇಲೆ ಹಾಗೇ ನಿಂತಿತು. ಮೊದಲು ನಾನು ಕೂತಿದ್ದ ಕಡೆಗೆ ಮುಖ ತಿರುಗಿಸಿದ. ನಾನು ಅಲ್ಲಿರಲಿಲ್ಲ. ಖಾಲಿ ಜಾಗವನ್ನು ನೋಡುತ್ತಾ ಕೂತ.

ಈಗ ಹೇಳುತ್ತಾನೆ, ನಾನು ಬರೆಸಿಲ್ಲ ಅಂತ. ಎಲ್ಲರ ಮುಂದೆ ನನ್ನ ಮಾನ ಹೋಗುತ್ತದೆ. ಹೋಗಲಿ, ಅವನದ್ದೂ ಹೋಗಲಿ ಎಂದುಕೊಂಡೆ.

“ಹೌದು,” ಅಂದ ಅಪ್ಪ. “ನಾನೇ ಬರೆಸಿದ್ದು.”

ರಾಮಸಾಮಿಯವರು ಎದ್ದು ಬಂದು ಅಪ್ಪನನ್ನು ತಬ್ಬಿಕೊಂಡರು. ಭಾಮಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊರಡುವಾಗ ನನ್ನ ಹತ್ತಿರ ಬಂದು ಅಂದಳು, “ಇಂಥ ಅಪ್ಪ ಸಿಗೋಕೆ ಪುಣ್ಯ ಮಾಡಿರಬೇಕು ನೀವು.”

ತಲೆ ಆಡಿಸಿದೆ. ಅದು ನನ್ನ ಸಾಲು, ನನ್ನ ಹೊಟ್ಟೆಯ ಉರಿ. ಅದನ್ನೂ ಅವರಿಗೇ ಕೊಟ್ಟು ಬಂದೆ.

ಬಸ್ಸು ಸೂಲೂರು ದಾಟಿತು. ಆಮೇಲೆ ಅಪ್ಪ ಕೇಳಿದ:

“ನಾನು ಹೇಳದ ಸಾಲು ಎಷ್ಟು ಬರೆದಿದ್ದೆ?”

“ಒಂದೇ ಅಪ್ಪಾ. ಆ ಒಂದೇ.”

ಮನೆಗೆ ಬಂದು ಮಲಗಿಬಿಟ್ಟ.

ಅಕ್ಟೋಬರ್ ೧೬

ಅಪ್ಪ ನೂಲಿನ ಸಿಕ್ಕು ಬಿಡಿಸುತ್ತಾನೆ, ನಾನು ನೇಯುತ್ತೇನೆ. ಅವ್ವ ಇಬ್ಬರ ಮುಖವನ್ನೂ ನೋಡಿ, “ಅಲ್ಲಿ ಊಟ ಸರಿ ಇರಲಿಲ್ವಾ?” ಎಂದು ಕೇಳಿದಳು.

ಅಕ್ಟೋಬರ್ ೧೮

ರಾಮಸಾಮಿಯವರ ಕಾಗದ ಬಂತು. ಓದಲೇ ಎಂದೆ. ಇರಲಿ ಅಂದ. ಒಡೆಯದ ಕಾಗದ ಗೋಡೆಯ ಮಾಡದಲ್ಲೇ ಇದೆ. ಇಷ್ಟು ವರ್ಷದಲ್ಲಿ ಹೀಗಾಗಿರಲಿಲ್ಲ. ಇನ್ನು ಯಾವತ್ತೂ ನನ್ನ ಹತ್ತಿರ ಓದಿಸುವುದಿಲ್ಲವೇನೋ. ಬೀದಿಯಲ್ಲಿ ಕನ್ನಡ ಓದಲು ಬರುವವರು ಬೇರೆ ಯಾರೂ ಇಲ್ಲ. ಈ ಗೆಳೆಯರ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ನಾನೇ. ಈಗ ಅವರು ಅಪ್ಪನಿಗೆ ಇಲ್ಲದಂತಾದರೆ ಅದೂ ನನ್ನಿಂದಲೇ.

ಅಕ್ಟೋಬರ್ ೨೨. ಸೋಮವಾರ

ಬೆಳಿಗ್ಗೆ ಮಗ್ಗದಲ್ಲಿ ಕೂತಿದ್ದೆ.

“ಕಾಗದ ತಗೋ,” ಅಂದ. ಅವಸರದಲ್ಲಿ ಹಲಗೆ ಎಳೆದುಕೊಂಡೆ. ಇಂಕು ಚೆಲ್ಲಿತು.

ಹೇಳಿದ. ನಿಲ್ಲಿಸಿ ನಿಲ್ಲಿಸಿ. ಬರೆದದ್ದನ್ನು ಇಲ್ಲೂ ಬರೆದಿಡುತ್ತೇನೆ:

“ಏಳು, ಹೋದ ಕಾಗದದ ಆ ಸಾಲು ನನ್ನದಲ್ಲ. ನಾನು ಬೇರೆ ಹೇಳಿದ್ದೆ. ಮಗಳು ಇದನ್ನು ಬರೆದಳು. ನಿಮ್ಮೆಲ್ಲರ ಮುಂದೆ ನನ್ನದು ಅಂತ ಒಪ್ಪಿಕೊಂಡೆ. ಅವಳನ್ನು ಕಾಪಾಡೋಕೆ ಅಂತ ಅಂದುಕೊಳ್ಳಬೇಡ. ನೀವು ಹೊಗಳಿದ್ದು ಚೆನ್ನಾಗಿತ್ತು, ಅದಕ್ಕೆ. ಅವಳು ಬರೆದದ್ದು ನಿಜ. ಟೀಚರ್ ಮನೆಗೆ ಬಂದ ವರ್ಷವೇ ನನ್ನ ಎಡಗಣ್ಣು ಹೋಗಿತ್ತು. ಯಾರಿಗೂ ಹೇಳಲಿಲ್ಲ. ಕುರುಡ ನೇಕಾರನಿಗೆ ನೂಲು ಯಾರು ಕೊಡುತ್ತಾರೆ? ಬಲಗಣ್ಣು ಎಷ್ಟು ದಿನವೋ ಅಂತ ಹೆದರಿದೆ. ಇವಳನ್ನು ಇಟ್ಟುಕೊಂಡೆ. ಹಾಸ್ಟೆಲ್ ಅಂದರೆ ಏನು ಅಂತ ಗೊತ್ತಿದ್ದೂ ಇಟ್ಟುಕೊಂಡೆ.”

ಎಡಗಣ್ಣು. ಹತ್ತು ವರ್ಷದಿಂದ. ನಾಲ್ಕು ಎಂದುಕೊಂಡಿದ್ದೆ.

“ಬರೆದೆಯಾ?”

“ಬರೆದೆ.”

“ಓದು.”

ಓದಿದೆ. ಒಂದಕ್ಷರ ಬಿಡದೆ.

“ಸರಿ,” ಅಂದ. ಮಾಡದ ಕಡೆ ಕೈ ತೋರಿಸಿದ. “ಈಗ ಇಪ್ಪತ್ತರದ್ದನ್ನ ಓದು. ಏನು ಬೊಗಳಿದಾನೋ ನೋಡೋಣ.”

ಓದಿದೆ. ಅಪ್ಪ ನಕ್ಕ. ನನಗೆ ನಗು ಬರಲಿಲ್ಲ.

ಅಕ್ಟೋಬರ್ ೨೩

ಅಪ್ಪನ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಗೆಳೆಯರ ಮೇಲಿನ ಉರಿ ಹಾಗೇ ಇದೆ. ಹತ್ತು ವರ್ಷ ನನಗೆ ಹೇಳಬೇಕಾಗಿದ್ದ ಮಾತು. ಎರಡು ಮೊಳ ದೂರದಲ್ಲಿ ಕೂತಿದ್ದೆ. ಆದರೂ ಹೇಳಿದ್ದು ಏಳಕ್ಕೆ. ನನ್ನ ಕೈಯಲ್ಲೇ ಬರೆಸಿ, ಏಳಕ್ಕೆ.

ಅಥವಾ ಹಾಗಲ್ಲದೆ ಬೇರೆ ರೀತಿ ಹೇಳಲು ಅಪ್ಪನಿಗೆ ಬರುವುದೇ ಇಲ್ಲವೋ ಏನೋ...

ಅಕ್ಟೋಬರ್ ೨೪. ಬೆಳಿಗ್ಗೆ

ಪೆರಿಯಸಾಮಿ ಬರುವ ಮುಂಚೆ ಕವರು ಅಂಟಿಸಿದೆ. ವಕೀಲರ ವಿಳಾಸ ತಮಿಳಿನಲ್ಲಿ ಬರೆದೆ. ಹಿಂದೆ, ಕಳಿಸುವವರು ಎನ್ನುವ ಕಡೆ, ಎಂದಿನಂತೆ ಅಪ್ಪನ ಹೆಸರು, ಸುಬ್ಬಯ್ಯನ್ ಎಂದು ಬರೆದೆ. ಪಕ್ಕದಲ್ಲಿ ಜಾಗ ಇತ್ತು. ಸ್ವಲ್ಪ ಹೊತ್ತು ನೋಡಿದೆ. ಪೆನ್ನನ್ನು ಇಂಕಿಗೆ ಅದ್ದಿ, ನನ್ನ ಹೆಸರು, ರುಕ್ಮಣಿ ಎಂದು ಬರೆಯಲು ಮೊದಲ ಅಕ್ಷರ ಇಟ್ಟೆ.