ಮರಾಠಿಯಲ್ಲಿ ಬರೆದ ಗುಟ್ಟು

ವಿಜಾಪುರ ರಸ್ತೆ, ಸೋಲಾಪುರ
18 ಸೆಪ್ಟೆಂಬರ್ 2024, ಬುಧವಾರ

ನನ್ನ ಮುದ್ದಿನ ಮೊಮ್ಮಗಳು ಪ್ರಣಿತಾಳಿಗೆ ಮುತ್ಯಾನ ಆಶೀರ್ವಾದ.

ಮೊದಲು ಆರೋಗ್ಯದ ಮಾತು. ಕೆಮ್ಮು ಹೋಯಿತೇ? ಫೋನಿನಲ್ಲಿ ನಿನ್ನ ದನಿ ಒಡೆದಂತಿತ್ತು. ಅದು ನೆಗಡಿಯ ದನಿಯೋ, ಚಿಕ್ಕಂದಿನಲ್ಲಿ ಏನಾದರೂ ಮುಚ್ಚಿಡುವಾಗ ಬರುತ್ತಿದ್ದ ದನಿಯೋ ನನಗೆ ಬಗೆಹರಿಯಲಿಲ್ಲ. ಕಾಯಿಸಿದ ನೀರನ್ನೇ ಕುಡಿ. ನನ್ನ ಮನೆಯಾಕೆ, ನಿನ್ನ ಆಯಿ ಲೀಲಾಬಾಯಿ ಶೇಂಗಾ ಚಟ್ನಿ, ಕಡಕ್ ಭಾಕರಿ ಕಟ್ಟಿದ್ದಾಳೆ. ಡಬ್ಬಿ ತೆರೆದ ಕೂಡಲೇ ಕಾರ್ಖಾನೆಗೆಲ್ಲ ಹಂಚಿಬಿಡಬೇಡ, ನಿನ್ನದು ಮೊದಲೇ ಬಿಚ್ಚುಗೈ. ನಾನು ಗಟ್ಟಿಯಾಗಿದ್ದೇನೆ. ಅಕ್ಷರ ಸೊಟ್ಟಪಟ್ಟ ಕಂಡರೆ ಗಾಬರಿಯಾಗಬೇಡ, ಪೆನ್ನು ಸರಿಯಿಲ್ಲ.

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ನಿನಗೆ ಹೊಳೆದಿರಬೇಕು. ಆಯಿಯ ತವರು ಅಕ್ಕಲಕೋಟದಲ್ಲಿದ್ದು ನಾಲ್ಕನೆಯ ಇಯತ್ತೆವರೆಗೆ ಕನ್ನಡ ಶಾಲೆಗೆ ಹೋದವಳು ನೀನು. ಅಕ್ಷರ ಕೂಡಿಸಿ ಕೂಡಿಸಿ ಓದು, ಅವಸರವಿಲ್ಲ. ನೇಪಾಳದ ಆ ಬೀರಗಂಜದಲ್ಲಿ, ನಮ್ಮ ಟಾವೆಲ್ ಘಟಕದಲ್ಲಿ, ಇದನ್ನು ಓದಬಲ್ಲವರು ಇನ್ನೊಬ್ಬರಿಲ್ಲ. ನಮ್ಮ ಸೂಪರವೈಜರ ಮಲ್ಲಯ್ಯ ಅಕ್ಕಲಕೋಟದವನೇ ಆದರೂ ಮರಾಠಿ ಶಾಲೆಯವನು, ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಅದನ್ನು ಅವನ ಹೆಂಡತಿಯ ಬಾಯಿಂದಲೇ ಹೊರಡಿಸಿಕೊಂಡು ಬಂದಿದ್ದೇನೆ. ಫೋನಿನ ಮೇಲೆ ನನಗೆ ನಂಬಿಕೆಯಿಲ್ಲ. ನೀನು ಮಾತಾಡುವಾಗ ಹಿಂದೆ ಯಾರೋ ಬಾಗಿಲು ಹಾಕಿದ ಸದ್ದು ಎರಡು ಸಲ ಕೇಳಿದ್ದೇನೆ. ಅದಕ್ಕೇ ನಾಳೆ ಪಾಟ್ನಾಕ್ಕೆ ಹೊರಟ ನೂಲಿನ ಏಜೆಂಟ ಗುರುಸಿದ್ಧನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಅಲ್ಲಿಂದ ಗಡಿ ದಾಟಿ ಬಂದು ಶನಿವಾರ ನಿನ್ನ ಕೈಗೇ ಕೊಡುತ್ತಾನೆ. ಪಾಕೀಟಿನ ಅಂಟು ಬಿಟ್ಟಿದೆಯೇ ನೋಡಿಕೊಂಡು ಒಡೆ.

ಇನ್ನು ವಿಷಯ. ಆ ಫುಲಮತಿ ಚೌಧರಿ, ನಮ್ಮಲ್ಲಿ ಟಾವೆಲ್ಲಿನ ಅಂಚು ಹೊಲಿಯುವವಳು, ಸಂಘದ ಹೆಸರಿನಲ್ಲಿ ನಿನಗೆ ಸೋಮವಾರ ಕೊಟ್ಟ ಬೇಡಿಕೆ ಪತ್ರದ ಪ್ರತಿ ಅಂದೇ ಇಮೇಲಿನಲ್ಲಿ ಇಲ್ಲಿಗೂ ಬಂದಿದೆ, ಫೋಟೋ ಸಮೇತ ಪ್ರಿಂಟ್ ತೆಗೆಸಿದ್ದೇನೆ. ನಲವತ್ತೂ ಹೆಂಗಸರಿಗೆ ನೇಮಕಾತಿ ಪತ್ರ ಬೇಕಂತೆ. ದಶೈಂ ಹಬ್ಬಕ್ಕೆ, ಅಂದರೆ ಅವರ ದಸರೆಗೆ, ಒಂದು ತಿಂಗಳ ಪಗಾರದಷ್ಟು ಹೆಚ್ಚಿಗೆ ಹಣ ಬೇಕಂತೆ. ಸಂಘ ಮಾಡಿದ್ದಕ್ಕೆ ಯಾರನ್ನೂ ತೆಗೆಯಬಾರದಂತೆ. ವಕೀಲ ಅಮೋಗಸಿದ್ಧ ಆ ದೇಶದ ಕಾರ್ಮಿಕ ಕಾನೂನನ್ನು ತರಿಸಿ ಎರಡು ಸಂಜೆ ಕೂತು ಓದಿ ಹೇಳಿದ. ಪ್ರತಿ ಪುಟಕ್ಕೂ ನನಗೆ ಸಂಶಯ. ಇದನ್ನು ನಿಜವಾಗಿ ಯಾರಾದರೂ ಪಾಲಿಸುತ್ತಾರೆಯೇ, ನಮ್ಮಂಥ ಹೊರಗಿನವರನ್ನು ಹಿಂಡಲಿಕ್ಕೆಂದೇ ಇಟ್ಟಿದ್ದಾರೆಯೇ? ಪರದೇಶದ ಮಾಲಕನಿಗೆ ಏನಾದರೂ ಸಡಿಲ ಉಂಟೇ ಎಂದು ಕೇಳಿದರೆ, "ಇಲ್ಲರಿ ಕಾಕಾ, ಅಲ್ಲಿ ಮಂದಿಗಿ ಯಾವ ಕಾಯ್ದೆನೋ ನಿಮಗೂ ಅದೇ ಕಾಯ್ದೆ" ಎಂದು ಕಡ್ಡಿ ಮುರಿದಂತೆ ಹೇಳಿದ. ಏಳು ದಿನದೊಳಗೆ, ಅಂದರೆ ಬರುವ ಸೋಮವಾರದೊಳಗೆ, ಅವರನ್ನು ಮಾತಿಗೆ ಕರೆಯಬೇಕಂತೆ. ಕರೆಯದಿದ್ದರೆ ಕೆಲಸ ನಿಲ್ಲಿಸುವ ದಾರಿ ಹಿಡಿಯುತ್ತಾರೆ, ಹಬ್ಬದ ಮಾಲು ಅಲ್ಲೇ ಕೂರುತ್ತದೆ, ನಾನು ಘಟಕಕ್ಕೆ ಕೀಲಿ ಹಾಕಿ ನಿನ್ನನ್ನು ವಾಪಸು ಕರೆಸಬೇಕಾಗುತ್ತದೆ. ಅಷ್ಟು ಆಸೆಪಟ್ಟು ಕಟ್ಟಿದ್ದೀಯಲ್ಲ, ಅದೊಂದೇ ನನ್ನ ಸಂಕಟ.

ನಮ್ಮಲ್ಲಿ ಐವತ್ತು ವರ್ಷದಿಂದ ಯಾರಿಗೆ ನೇಮಕಾತಿ ಪತ್ರ ಕೊಟ್ಟಿದ್ದೇನೆ ಹೇಳು? ಮಗ್ಗಕ್ಕೆ ಕಾಯಿ ಒಡೆದು, "ನಾಳಿಂದ ಬಾ" ಎಂದರೆ ಅದೇ ಕಾಗದ. ಮಗಳ ಮದುವೆಗೆ ಚಾದರ ಕಳಿಸುತ್ತೇನೆ, ಸತ್ತರೆ ಮಣ್ಣಿಗೆ ಹೋಗುತ್ತೇನೆ. ಬೀರಗಂಜದಲ್ಲೂ ಹಾಗೇ ಮಾಡಿದೆ. ಎಲ್ಲರಿಗೂ ಟಾವೆಲ್ ಹೊದಿಸಿ, ಕಾಯಿ ಒಡೆದು ಬಂದೆ. ಆ ಟಾವೆಲ್ ಹೊದ್ದ ಫೋಟೋಗಳನ್ನೇ ತಾವು ನಮ್ಮ ಕೆಲಸಗಾರರು ಎನ್ನುವುದಕ್ಕೆ ಪುರಾವೆ ಎಂದು ಈಗ ಬೇಡಿಕೆ ಪತ್ರಕ್ಕೆ ಲಗತ್ತಿಸಿದ್ದಾಳೆ. ಜಾಣೆ, ಎಂಥ ಜಾಣೆ!

ಅದರ ಜೊತೆಗೇ ಇನ್ನೊಂದು ಫೋಟೋ. ನಮ್ಮ ಸೂಚನಾ ಹಲಗೆಯದು. ಅದರ ಮೇಲೆ ನಾನು ಹೋದ ತಿಂಗಳು ನಿನಗೆ ಬರೆದ ಪತ್ರ! ಸಂಘದ ಕಾಗದಕ್ಕೆ ಯಾರು ಯಾರು ಸಹಿ ಹಾಕಿದ್ದಾರೆ, ಗುಟ್ಟಾಗಿ ಹೆಸರು ಬರೆದು ಕಳಿಸು, ಫುಲಮತಿಯನ್ನು ಹಬ್ಬಕ್ಕೆ ಮೊದಲೇ ಏನಾದರೂ ನೆವ ಹೇಳಿ ತೆಗೆದುಹಾಕು ಎಂದು ಬರೆದದ್ದು. ಅದನ್ನು ಮರಾಠಿಯಲ್ಲಿ ಬರೆದಿದ್ದೆ, ಅಲ್ಲಿ ಮರಾಠಿ ಯಾರಿಗೆ ಗೊತ್ತು ಎಂಬ ಧೈರ್ಯದಿಂದ. ಸೋಲಾಪುರದಲ್ಲಿ ಕೂತವನಿಗೆ ಮರಾಠಿ ಎಂದರೆ ಮಹಾರಾಷ್ಟ್ರದ ಗಡಿಗೆ ಮುಗಿಯಿತು. ನೇಪಾಳಿ ಭಾಷೆಗೂ ಅದೇ ಬಾಳಬೋಧ, ಅಂದರೆ ದೇವನಾಗರಿ ಲಿಪಿ, ಅಕ್ಷರ ಬಲ್ಲ ಯಾರೇ ಆದರೂ ಓದಿ ಅರ್ಧ ಅರ್ಥ ಮಾಡಿಕೊಳ್ಳುತ್ತಾರೆ ಎಂದು ಈ ತಲೆಗೆ ಹೊಳೆಯಲೇ ಇಲ್ಲ. ಹಲಗೆಗೆ ಹೇಗೆ ಬಂತು ಎಂದು ಕೇಳಿದರೆ ನೀನು, "ಬಂದೈತಿ ಮುತ್ಯಾ" ಎಂದಷ್ಟೇ ಹೇಳಿ ಫೋನ್ ಇಟ್ಟೆ.

ನನ್ನ ಗುಮಾನಿ ಮಲ್ಲಯ್ಯನ ಮೇಲೆ. ನಿನ್ನ ಕೋಣೆಗೆ ಹೇಳದೆ ಕೇಳದೆ ಬರುವವನು ಅವನೊಬ್ಬನೇ. ಸಂಘದವರು ಏನೋ ಆಸೆ ತೋರಿಸಿರಬೇಕು. ನಿನ್ನೆ ಸ್ವಾಮಿಗಳ ದರ್ಶನದ ನೆಪ ಮಾಡಿ ಅಕ್ಕಲಕೋಟಕ್ಕೆ ಹೋಗಿ, ಹಾಗೇ ಅವನ ಮನೆ ಹೊಕ್ಕೆ. ಹೊಸ ಟಿವಿ ಬಂದಿದೆಯೇ, ಹೆಂಡತಿಯ ಕೊರಳಲ್ಲಿ ಹೊಸದೇನಾದರೂ ಇದೆಯೇ ಎಂದು ಕಳ್ಳನ ಹಾಗೆ ಕಣ್ಣಾಡಿಸಿದೆ. ಏನೂ ಇಲ್ಲ. ಅವನ ಹೆಂಡತಿ ಸಕ್ಕುಬಾಯಿ ರೊಟ್ಟಿ ಬಡಿಸಿ, "ಚೀಟಿ ಹಚ್ಚಿದ್ದು ಯಾರಂತ ನಮ್ಮವರಿಗೂ ಗೊತ್ತಿಲ್ಲರಿ ಸಾವಕಾರ್ರ. ಅವತ್ತಿಂದ ಅಕ್ಕಾರು ಸರಿಯಾಗಿ ಉಣ್ಣಾಕತ್ತಿಲ್ಲಂತ, ಅದs ಚಿಂತಿ ಮಾಡಾಕತ್ತಾರ" ಎಂದಳು. ಅಕ್ಕಾರು ಅಂದದ್ದು ನಿನಗೆ. ಇಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದಾನೆ ಎಂದರೆ ಇದರಲ್ಲಿ ಏನೋ ಇದೆ ಎಂದೇ ನನ್ನ ಸಂಶಯ ಗಟ್ಟಿಯಾಯಿತು.

ಆದ್ದರಿಂದ ಹೀಗೆ ಮಾಡು. ಮಲ್ಲಯ್ಯನಿಗೆ ತಾಯಿಗೆ ಆರಾಮಿಲ್ಲ ಎಂದು ಹೇಳಿ ಭಾನುವಾರದ ಗಾಡಿಗೆ ಹತ್ತಿಸು. ಫುಲಮತಿಗೆ ನಗುನಗುತ್ತ ಮಾತಾಡು, ಯಾವ ಕಾಗದವನ್ನೂ ಮುಟ್ಟಬೇಡ. ಸಹಿಯ ಅಧಿಕಾರ ನನ್ನದು, ಮುತ್ಯಾ ಬರಲಿ ಎಂದು ದಿನ ತಳ್ಳು. ಹೊತ್ತಿಗೆ ಸರಿಯಾಗಿ ಉಣ್ಣು, ಒಬ್ಬಳೇ ಕೂತು ತಲೆ ಕೆಡಿಸಿಕೊಳ್ಳಬೇಡ. ನಮ್ಮೂರ ದೇವರು ಸಿದ್ಧರಾಮ ನಿನ್ನ ಬೆನ್ನಿಗಿರಲಿ. ಆಯಿ ನಿನ್ನ ಕೆನ್ನೆ ಸವರಿದ್ದಾಳೆಂದು ತಿಳಿ.

ನಿನ್ನ ಮುತ್ಯಾ,
ಚನ್ನವೀರಪ್ಪ

ತಾ.ಕ.: ಪಾಕೀಟು ಅಂಟಿಸುವ ಮೊದಲು, ಮಲ್ಲಯ್ಯನ ವಿರುದ್ಧ ಇನ್ನೊಂದು ಪುರಾವೆ ಸಿಕ್ಕೀತೆಂದು ಹಲಗೆಯ ಫೋಟೋವನ್ನು ಎಳೆ ಎಣಿಸುವ ಗಾಜಿನ ಕೆಳಗಿಟ್ಟು ನೋಡಿದೆ. ನನ್ನ ಪತ್ರ ಪೂರ್ತಿ ಇಲ್ಲ. ಕೊನೆಯ ನಾಲ್ಕು ಸಾಲು ಕತ್ತರಿಸಿದೆ. ಅಂಚು ಹಲ್ಲುಹಲ್ಲಾಗಿದೆ. ಸ್ಯಾಂಪಲ್ ಬಟ್ಟೆ ಕತ್ತರಿಸುವ ಹಲ್ಲಿನ ಕತ್ತರಿ, ನೀನು ಹೊರಡುವ ದಿನ ನನ್ನ ಮೇಜಿನಿಂದ ತೆಗೆದು ಕೊಟ್ಟದ್ದು. ಅಲ್ಲಿ ಅಂಥದ್ದು ಇನ್ನೊಂದಿಲ್ಲ. ಅದನ್ನಿಡುವ ಡ್ರಾವರಿನ ಕೀಲಿ ಸದಾ ನಿನ್ನ ಕೊರಳಲ್ಲಿ.

ಆ ನಾಲ್ಕು ಸಾಲು ನನಗೆ ಬಾಯಿಪಾಠ. ಬಲಗೈ ನಡುಗುತ್ತಿದೆ, ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನವರು ಎರಡು ಸಲ ಚೆಕ್ ಹಿಂದಿರುಗಿಸಿದರು, ಆಯಿಗೂ ಹೇಳಿಲ್ಲ, ಹೆದರಿಕೆಯಾಗುತ್ತದೆ ಕೂಸೇ ಎಂದು ಬರೆದಿದ್ದೆ. ನೀನೇ ನನ್ನ ಹೊಟ್ಟೆಯೊಳಗಿನ ಹೊಲಸನ್ನು ನಲವತ್ತು ಹೆಂಗಸರ ಮುಂದೆ ಹಲಗೆಗೆ ಹಚ್ಚಿದೆ, ಕೈನಡುಕವನ್ನು ಮಾತ್ರ ಕತ್ತರಿಸಿ ನಿನ್ನಲ್ಲೇ ಇಟ್ಟುಕೊಂಡೆ. ಮೊದಲು ಸಿಟ್ಟು ಬಂತು, ಹಡಬಿಟ್ಟಿ ಎಂದು ಬೈದೆ. ಆಮೇಲೆ ಅಳು ಬಂತು.

ಮೇಲಿನದನ್ನೆಲ್ಲ ಹರಿದು ಹೊಸದಾಗಿ ಬರೆಯುವುದು ಈ ಕೈಗೆ ಆಗದು. ಪೆನ್ನು ಸರಿಯಾಗಿಯೇ ಇದೆ. ಮಲ್ಲಯ್ಯನನ್ನು ಕಳಿಸಬೇಡ, ಅವನಿಗೂ ಚಟ್ನಿ ಕೊಡು. ಇದು ಕೈಸೇರಿದ ಕೂಡಲೇ ಫುಲಮತಿಯನ್ನು ಮಾತಿಗೆ ಕರೆ. ಕರಾರಿಗೂ ನಲವತ್ತು ನೇಮಕಾತಿ ಪತ್ರಗಳಿಗೂ ಸಹಿ ನೀನೇ ಮಾಡು. ಅಮೋಗಸಿದ್ಧನನ್ನು ಮನೆಗೇ ಕರೆಸಿ ನಿನ್ನ ಹೆಸರಿಗೆ ಅಧಿಕಾರಪತ್ರ ಮಾಡಿಸಿದ್ದೇನೆ, ಇದರೊಳಗಿದೆ. ಅವನ ಎದುರಿಗೆ, ಆಯಿಯ ಎದುರಿಗೆ ಸಹಿ ಮಾಡಿದೆ. ಕೈ ನಡುಗಿತು. ಇಬ್ಬರೂ ನೋಡಿದರು, ನೋಡಲಿ ಎಂದು ಬಿಟ್ಟೆ.