ಎಡಕ್ಕೆ ತಿರುಗಿದ ಬಿಳಿ ಕಾರು

ಯಮುನಾ,

ಐದೂವರೆಗೆ ಪಿಕಪ್ ಇದೆ, ಹೊರಟೆ. ನಿದ್ದೆ ಬರಲಿಲ್ಲ, ನಾಲ್ಕಕ್ಕೇ ಎದ್ದು ನಿನ್ನ ಸೈಕಲ್ಲಿನ ಬ್ರೇಕ್ ಬಿಗಿ ಮಾಡಿದೆ. ಒಂದು ಸಲ ಹಿಡಿದು ನೋಡಿ ಹೊರಡು. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ತಿನ್ನದೆ ಓಡಬೇಡ.

ಕ್ಯಾಬ್‌ಗಳ ಎಡಗಡೆ ನುಗ್ಗಬೇಡ. ಇಂಡಿಕೇಟರ್ ನಂಬಬೇಡ. ಫೋನಿನಲ್ಲಿ ದಾರಿ ನೋಡುತ್ತಾ ನಿಧಾನ ಮಾಡಿದವನು ಎತ್ತ ಬೇಕಾದರೂ ತಿರುಗುತ್ತಾನೆ. ಹೇಳಿದರೆ "ನಂಗೊತ್ತು ಬಿಡಪ್ಪ" ಅನ್ನುತ್ತೀಯ. ನಿನಗೆ ಗೊತ್ತು ಅನ್ನುವುದನ್ನು ನಿನ್ನೆ ಕಣ್ಣಾರೆ ನೋಡಿದೆ.

ಸಿಂಗಸಂದ್ರದ ತಿರುವಿನಲ್ಲಿ ನಿನಗೆ ಅಡ್ಡ ಬಂದ ಬಿಳಿ ಕಾರು ನನ್ನದೇ ಕಣಮ್ಮ. ಎಲ್ಲ ಕ್ಯಾಬೂ ಬಿಳಿ, ನಿನಗೆ ಗುರುತು ಸಿಗಲಿಲ್ಲ. ಊಟಕ್ಕೆ ಕೂತಾಗ "ಆ ಡ್ರೈವರ್‌ಗೆ ಕಣ್ಣೇ ಇಲ್ವೇನಪ್ಪ" ಅಂತ ನೀನು ಬೈಯುತ್ತಿದ್ದರೆ ನಾನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದೆ.

ತಿರುಗಿದ ಮೇಲೆ ಕನ್ನಡಿಯಲ್ಲಿ ನಿನ್ನ ಹಳದಿ ಬ್ಯಾಗು ಕಂಡಿತು. ಅಷ್ಟರಲ್ಲಿ ನೀನು ಕಾಲೂರಿ ನಿಂತಿದ್ದೆ. ನಾನು ತಿರುಗುತ್ತೇನೆಂದು ನನಗಿಂತ ಮೊದಲು ನಿನಗೆ ತಿಳಿದಿತ್ತು. ಸಂಜೆ ಬಂದು ಎಷ್ಟು ಬೇಕಾದರೂ ಬೈಯಿ. ಆದರೆ ಏನು ನೋಡಿ ನಿಂತೆ ಅಂತ ಮಾತ್ರ ಹೇಳು.

ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ, ನನಗೆ ನೀನು ಕಂಡಿರಲೇ ಇಲ್ಲ.

ಅಪ್ಪ