ಕೋಟಿಗೆ ಮೊಣಕಾಲಿನ ಅಳತೆ

ಜೂನ್ 3, ಬೆಳಗ್ಗೆ

ಯಾರದು ಓದುತ್ತಿರುವುದು? ನಾಚಿಕೆಯಾಗುವುದಿಲ್ಲವೇ? ಚೂರುಬಟ್ಟೆ ಮೂಟೆಯ ತಳದಲ್ಲಿ ಬಚ್ಚಿಟ್ಟ ಪುಸ್ತಕ ಎಂದರೆ ಓದಬೇಡಿ ಎಂದೇ ಅರ್ಥ. ನಾಲ್ಕನೇ ಕ್ಲಾಸು ಓದಿದ ಮುದುಕಿಯ ಗೀಚಾಟದಲ್ಲಿ ನಿಮಗೇನು ಸಿಗುತ್ತದೆ? ಮುಚ್ಚಿಟ್ಟು ಎದ್ದು ಹೋಗಿ.

ಎಂಟು ಶರಟಿಗೆ ಗುಂಡಿ ಹಚ್ಚಿ ಮುಗಿಸಿದೆ. ಮಗ ಹೊಲಿಗೆ ಮೆಷಿನ್ ನಿಲ್ಲಿಸಿ, "ಅಮ್ಮಾ, ಒಂದು ಕಾರು ತಗೊಳ್ಳೋಣ ಅಂತಿದೀನಿ. ಹಳೇದೇ. ನಿನ್ನ ಕರ್ಕೊಂಡು ಹೋಗಿ ದೊಡ್ಡಮ್ಮನ್ನ ನೋಡ್ಕೊಂಡು ಬರಬಹುದು" ಎಂದ.

"ನಿನ್ನ ಕಾರು ನೀನೇ ಇಟ್ಕೋ. ನಂಗೆ ಕಾರಲ್ಲಿ ವಾಂತಿ ಬರುತ್ತೆ."

ಸುಳ್ಳು. ನಿಜ ಈ ಪುಸ್ತಕದಲ್ಲಿ ಮಾತ್ರ. ಹೋದ ವರ್ಷ ಎದುರುಮನೆಯವಳ ಕಾರಿನಲ್ಲಿ ಕೂತೆ. ಸೀಟು ಬಾವಿಯ ಹಾಗೆ ತಗ್ಗು. ಬಲ ಮೊಣಕಾಲು ಸಿಕ್ಕಿಕೊಂಡು ಏಳಲಾಗಲಿಲ್ಲ. ಅವಳೂ ಅವಳ ಗಂಡುಮಕ್ಕಳಿಬ್ಬರೂ ಸೇರಿ ಮೂಟೆ ಎಳೆದಂತೆ ಎಳೆದರು. ಯಾರಿಗೂ ಹೇಳಬಾರದೆಂದು ಆಣೆ ಮಾಡಿಸಿಕೊಂಡೆ. ಬಸ್ಸಿನ ಮೆಟ್ಟಿಲು ಹತ್ತುವುದನ್ನು ಅದಕ್ಕೂ ಮೊದಲೇ ಬಿಟ್ಟಿದ್ದೆ.

ಅಕ್ಕನನ್ನು ನೋಡಿ ಎರಡು ವರ್ಷ. ಅವಳ ಕಣ್ಣು ಮಂಜಾಗುತ್ತಿದೆಯಂತೆ. ನನ್ನ ಮುಖ ಗುರುತು ಹಿಡಿಯುವಷ್ಟು ಬೆಳಕು ಇನ್ನೆಷ್ಟು ದಿನವೋ...

ಜೂನ್ 11

ವಿಚಿತ್ರ. ಮಗ ಟೇಪು ಹಿಡಿದು ಬಂದ.

"ನಿನಗೊಂದು ಕೋಟು ಹೊಲೀತೀನಮ್ಮ. ಕೂತ್ಕೋ."

"ಕೋಟಿನ ಅಳತೆ ನಿಂತು ಕೊಡೋದಲ್ವೇನೋ?"

"ಇದು ಹೊಸ ಫ್ಯಾಷನ್."

ಮಂಚದ ಮೇಲೆ ಕೂರಿಸಿದ. ಎಬ್ಬಿಸಿದ. ಹಾಸಿಗೆ ಮಡಚಿಟ್ಟು ಮತ್ತೆ ಕೂರಿಸಿದ. ಆಮೇಲೆ ಮೇಲೊಂದು ದಿಂಬು. ಪ್ರತಿ ಸಲವೂ ಮೊಣಕಾಲಿನ ಪಕ್ಕದಲ್ಲಿ ನೆಲದಿಂದ ಮೇಲಕ್ಕೆ ಟೇಪು. ಸೊಸೆ ಬರೆದುಕೊಂಡಳು. ನಾನು ಸಲೀಸಾಗಿ ಎದ್ದ ಎತ್ತರಕ್ಕೆ ಮೊಮ್ಮಗಳು ನೀಲಿ ಸೀಮೆಸುಣ್ಣದಲ್ಲಿ ಗೋಡೆಗೆ ಗೆರೆ ಎಳೆದಳು. ಮೂವರೂ ಮುಖ ಮುಖ ನೋಡಿಕೊಂಡರು.

ಕೋಟಿಗೆ ಮೊಣಕಾಲಿನ ಅಳತೆ ಯಾಕೆ? ಭುಜ ಅಳೆಯಲೇ ಇಲ್ಲ!

ಜೂನ್ 18, ಸಂಜೆ

ಮೂವರೂ ಬೆಳಗ್ಗೆಯೇ ಹಳೇ ಕಾರಿನ ಅಂಗಡಿಗೆ ಹೋದವರು ಬರಿಗೈಯಲ್ಲಿ ಬಂದರು. ಮೊಮ್ಮಗಳ ವರದಿ ಕೇಳಬೇಕು—

"ಅಜ್ಜಿ, ಅಪ್ಪ ಇಂಜಿನ್ ಕಡೆ ತಿರುಗಿ ಕೂಡ ನೋಡ್ಲಿಲ್ಲ. ನಾನೇ ಕೆಳಗೆ ತೂರಿ ಆಯಿಲ್ ಸೋರುತ್ತಾ ಅಂತ ನೋಡ್ದೆ. ಅಪ್ಪ ಬಾಗಿಲು ತೆಗೆದು ಬರೀ ಟೇಪ್ ಹಿಡಿದ್ರು. ಅಂಗಡಿಯವನು 'ಸಾರ್, ಕಾರು ತಗೋತೀರಾ, ಇಲ್ಲಾ ಅದಕ್ಕೆ ಪ್ಯಾಂಟು ಹೊಲೀತೀರಾ' ಅಂದ!"

"ಅದಕ್ಕೆ ನಿಮ್ಮಪ್ಪ?"

"ಕೆಂಪುದು ನಾಲ್ಕು ಬೆರಳು ತಗ್ಗು, ಬೇಡ ಅಂದ್ರು."

"ಎಂಥಾ ಫಳಫಳ ಕಾರು ಅತ್ತೆ ಅದು" ಎಂದು ಸೊಸೆ ನಿಟ್ಟುಸಿರು ಬಿಟ್ಟಳು.

"ಬೇಕಿದ್ರೆ ಗಂಡನಿಗೆ ಹೇಳಬೇಕಿತ್ತು. ಬಾಯಿಗೂ ಹೊಲಿಗೆ ಹಾಕ್ಕೊಂಡಿದ್ಯಾ?"

ನಕ್ಕಳು. ಕಾರಿಗೆ ಯಾಕೆ ಟೇಪು? ತಲೆಯೊಳಗೆ ಹುಳ ಬಿಟ್ಟಂತಾಗಿದೆ.

ಜೂನ್ 20

ಕೋಟಿನ ಸುದ್ದಿಯೇ ಇಲ್ಲ. ಕೇಳಿದರೆ "ಬಟ್ಟೆ ಸಿಕ್ಕಿಲ್ಲ" ಎನ್ನುತ್ತಾನೆ. ಟೈಲರ್ ಮನೆಯಲ್ಲಿ ಬಟ್ಟೆಗೆ ಬರ!

ಜೂನ್ 26, ಮಧ್ಯಾಹ್ನ

ಕಾರು ಬಂತು. ಬೂದು ಬಣ್ಣ, ಡಬ್ಬದಂಥ ಮೈ, ಬಾಗಿಲ ಮೇಲೊಂದು ಗೀರು.

"ಇದೇನೋ, ಬ್ರೆಡ್ಡಿನ ಪೆಟ್ಟಿಗೆ ತಂದಿದೀಯಾ?"

"ಬೈಯೋದು ಆಮೇಲೆ. ಮೊದಲು ಕೂತ್ಕೊಂಡು ನೋಡಮ್ಮ."

ಎದುರುಮನೆಯವಳು ಗೇಟಿನಲ್ಲೇ ನಿಂತಿದ್ದಳು. ಸೀಟಿಗೆ ಬೆನ್ನು ತಿರುಗಿಸಿ ಕೂತೆ... ಸೀಟೇ ಎದ್ದು ಬಂದು ಹಿಡಿದುಕೊಂಡಂತೆ. ಮುಂದೆ ಇಷ್ಟುದ್ದ ಜಾಗ. ಕಾಲು ಹಾಗೇ ಚಾಚಿಕೊಂಡಿತು. ಇಳಿದೆ. ಮತ್ತೆ ಕೂತೆ. ನಾಲ್ಕು ಸಲ. ಎದುರುಮನೆಯವಳು ನೋಡಲಿ ಎಂದೇ.

ಆಮೇಲೆ ನಾನೇ ಟೇಪು ತೆಗೆದೆ. ಗೋಡೆಯ ನೀಲಿ ಗೆರೆಗೂ ಸೀಟಿಗೂ ಒಂದೇ ಎತ್ತರ.

ಆದರೆ ನನ್ನ ಮೊಣಕಾಲಿನ ಗುಟ್ಟು ಇವರಿಗೆ ಹೇಳಿದ್ದು ಯಾರು? ಎದುರುಮನೆಯವಳನ್ನು ಗದರಿಸಿ ಕೇಳಿದೆ. ಬಾಯಿ ಬಿಟ್ಟಿಲ್ಲವಂತೆ. ಅವಳ ಮುಖ ನೋಡಿದರೆ ನಿಜವೇ.

ಜೂನ್ 27

ನಾಳೆ ಬೆಳಗ್ಗೆ ಅಕ್ಕನ ಮನೆಗೆ. ಸೀರೆ ಮಡಚಿಟ್ಟು ಪುಸ್ತಕ ತೆಗೆದರೆ, ಮೂರನೇ ತಾರೀಖಿನ ಹಾಳೆಯ ಮೂಲೆಯಲ್ಲಿ ನೀಲಿ ಬೆರಳಚ್ಚು! ನಾನು ಸೀಮೆಸುಣ್ಣ ಮುಟ್ಟುವವಳಲ್ಲ. ಮಗನ ಬೆರಳಲ್ಲ, ಸಣ್ಣದು. ಮೊಮ್ಮಗಳೋ... ಇಲ್ಲಾ, ಕೆಂಪು ಕಾರು ಬಿಟ್ಟುಕೊಟ್ಟು ನಕ್ಕವಳೋ.

ಓದಿದವಳೇ, ಕೇಳು. ಮೊದಲ ದಿನದ ಬೈಗುಳ ವಾಪಸ್ ತೆಗೆದುಕೊಳ್ಳುವುದಿಲ್ಲ. ಕೆಳಗೆ ಅರ್ಧ ಹಾಳೆ ಖಾಲಿ ಬಿಟ್ಟಿದ್ದೇನೆ, ಪೆನ್ಸಿಲ್ಲೂ ಇಟ್ಟಿದ್ದೇನೆ. ಯಾರು ನೀನು, ಎಲ್ಲಿಯವರೆಗೆ ಓದಿದೆ, ಬರೆದಿಡು. ಜುಲೈ ಹುಟ್ಟುವ ಮೊದಲು ಉತ್ತರ ಇಲ್ಲಿರಬೇಕು. ಇಲ್ಲದಿದ್ದರೆ ಪುಸ್ತಕ ಬಚ್ಚಿಡುವ ಜಾಗ ಬದಲಾಗುತ್ತದೆ.